ಬುರ್ಜ್ ಖಲೀಫಾ ಹತ್ತಿದ ಕಿಲಾರಿ

“ಅವ್ವಾ, ಎರ್ರಿಸ್ವಾಮಿ ತಾತ ಬೇಲಿ ಹೊರಗೇ ಯಾಕೆ ನಿಂತ್ಕಂತಾನೆ? ಎತ್ತು ಅವನಿಗೆ ಬೈದಾವಾ?”

ಜಡೆ ಹಾಕಿಸಿಕೊಳ್ಳುತ್ತಿದ್ದ ಆರು ವರ್ಷದ ರಶ್ಮಿತಾ ಹೀಗೆ ಕೇಳಿದಾಗ ಶಿಲ್ಪಳ ಕೈ ಅರ್ಧಕ್ಕೆ ನಿಂತಿತು. ಅವರ ಮನೆಯ ಹೊಸ್ತಿಲಲ್ಲಿ ಕೂತರೆ ಎದುರಿನ ಬಯಲಿನಾಚೆ ದೇವರ ಎತ್ತುಗಳ ರೊಪ್ಪ ಕಾಣುತ್ತದೆ. ಸುತ್ತ ಜಾಲಿಮುಳ್ಳಿನ ಬೇಲಿ, ಒಂದು ಕಡೆ ಮರದ ತಡಿಕೆ. ಎರಡು ತಿಂಗಳಿಂದ ದಿನಾ ಬೆಳಿಗ್ಗೆ ಎರ್ರಿಸ್ವಾಮಿ ಅಲ್ಲಿಗೆ ಬರುತ್ತಾನೆ. ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಬೇಲಿಯಿಂದ ಎರಡು ಮಾರು ದೂರ ನಿಲ್ಲುತ್ತಾನೆ. “ರಾ ನಾಯನಾ, ರಾ” ಎಂದು ಕರೆಯುತ್ತಾನೆ. ಮನೆಯಲ್ಲಿ ಕನ್ನಡ ಆಡಿದರೂ ಎತ್ತುಗಳೊಂದಿಗೆ ಅವನದು ತೆಲುಗೇ. ಮಲಗಿದ್ದವು ಎದ್ದು ಕಿವಿ ನಿಮಿರಿಸಿ ಬೇಲಿಯ ಹತ್ತಿರ ಬಂದು ಮೂತಿ ಚಾಚುತ್ತವೆ. ಅವನು ಮುಂದೆ ಹೋಗುವುದಿಲ್ಲ. ಅಣ್ಣನ ಮಗ ಅಂಜಿನೇಯ ಬಂದು ತಡಿಕೆ ತೆಗೆದು ದನ ಹೊಡೆದುಕೊಂಡು ಹೊರಟ ಮೇಲೆ, ಅವು ಎರಡು ಮೂರು ಸಲ ಹಿಂದಿರುಗಿ ನೋಡಿದ ಮೇಲೆ, ಅವನು ಮನೆಗೆ ಹೋಗುತ್ತಾನೆ.

ತಾತನಿಗೆ ಮೊಣಕಾಲು ನೋವು, ಅದಕ್ಕೇ ಒಳಗೆ ಹೋಗಲ್ಲ ಎಂದಳು ಶಿಲ್ಪ. ಅವನು ಊರಿಗೆಲ್ಲ ಹೇಳಿದ್ದು ಅದನ್ನೇ.

“ಮೊಣಕಾಲು ನೋವಾದ್ರೆ ಮನೇಲಿ ಕೂತ್ಕಬೇಕು. ಅಲ್ಲಿಗಂಟ ಯಾಕೆ ನಡ್ಕಂಡು ಬರ್ತಾನೆ?”

ಶಿಲ್ಪ ರಿಬ್ಬನ್ನನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ಕಟ್ಟಿ ಮಗಳನ್ನು ಶಾಲೆಗೆ ಕಳಿಸಿದಳು.

ತಳಕಿನಿಂದ ಒಳಕ್ಕೆ ಐದು ಮೈಲಿ ಇರುವ ಈ ಹಟ್ಟಿಗೆ ಅವಳು ಮೊಳಕಾಲ್ಮೂರಿನಿಂದ ಸೊಸೆಯಾಗಿ ಬಂದು ಎಂಟು ವರ್ಷ. ಬಂದ ಹೊಸದರಲ್ಲಿ ಅವಳಿಗೆ ಮೊದಲು ಕಣ್ಣಿಗೆ ಬಿದ್ದದ್ದು ಎರ್ರಿಸ್ವಾಮಿಯ ಪಾದಗಳು. ದೇವರ ಎತ್ತುಗಳಿಗೆ ನೊಗ ಹೂಡುವಂತಿಲ್ಲ, ಮಾರುವಂತಿಲ್ಲ. ಸತ್ತರೆ ಮನುಷ್ಯರನ್ನು ಮಣ್ಣು ಮಾಡಿದ ಹಾಗೇ ಮಾಡಬೇಕು. ಅವನ್ನು ಕಾಯುವವನೇ ಕಿಲಾರಿ. ಬಿದಿರಿನ ಕೋಲು ಹಿಡಿದ ದಿನದಿಂದ ಅವನು ಕಾಲಿಗೆ ಏನನ್ನೂ ಮೆಟ್ಟುವಂತಿಲ್ಲ. ಎರ್ರಿಸ್ವಾಮಿ ಕೋಲು ಹಿಡಿದಾಗ ಇಪ್ಪತ್ತೆರಡು ವರ್ಷ, ಈಗ ಐವತ್ತೆಂಟು. ಮೂವತ್ತಾರು ಬೇಸಿಗೆ ಆ ಕಾಲು ಬರಿಗಾಲಾಗಿಯೇ ಕಳೆದಿತ್ತು. ಹಿಮ್ಮಡಿ ಒಡೆದು ಕರೀ ಬಂಡೆಯ ಬಿರುಕಿನಂತಾಗಿತ್ತು, ಬೆರಳುಗಳು ಅಗಲಕ್ಕೆ ಹರಡಿದ್ದವು. ಸಂಜೆ ಅವನ ಹೆಂಡತಿ ಜೋಗಮ್ಮ ಅಂಗಳದಲ್ಲಿ ಆ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಪಿನ್ನಿನಲ್ಲಿ ಮುಳ್ಳು ತೆಗೆಯುತ್ತಿದ್ದಳು. “ಇವನ ಮುಖಕ್ಕಿಂತ ಅಂಗಾಲೇ ನನಗೆ ಚೆನ್ನಾಗಿ ಗೊತ್ತು ಕಣೇ. ಸಂತೇಲಿ ಕಳೆದು ಹೋದ್ರೆ ಕಾಲೆತ್ತಿ ನೋಡಿ ಗುರುತು ಹಿಡೀಬೇಕು” ಎಂದು ಶಿಲ್ಪಳನ್ನು ನಗಿಸುತ್ತಿದ್ದಳು. ಆ ಪಿನ್ನು ಎರಡು ತಿಂಗಳಿಂದ ಗೋಡೆಯ ಕ್ಯಾಲೆಂಡರಿಗೆ ಚುಚ್ಚಿಯೇ ಇದೆ. ಅಡವಿಗೆ ಹೋಗದವನ ಕಾಲಿಗೆ ಮುಳ್ಳು ಎಲ್ಲಿಂದ ಬರಬೇಕು?

ಅದೇ ಗೋಡೆಯ ಮೇಲೆ, ಕ್ಯಾಲೆಂಡರಿನ ಪಕ್ಕದಲ್ಲಿ, ದುಬೈಯ ಫೋಟೋ ಇದೆ. ಎತ್ತರದ ಗಾಜಿನ ಗೋಡೆ, ಅದರಾಚೆ ಬಿಳಿಯ ಮಬ್ಬು, ಮುಂದೆ ರುಮಾಲು ಸುತ್ತಿದ ಎರ್ರಿಸ್ವಾಮಿ. ಸೊಂಟದವರೆಗೆ ಮಾತ್ರ. ಅದನ್ನು ಕಂಡಾಗಲೆಲ್ಲ ರಶ್ಮಿತಾ ತಾತನಿಗೆ ಕಾಲೇ ಇಲ್ಲ ಎಂದು ನಗುತ್ತಿದ್ದಳು. ಅವನೊಬ್ಬ ನಗುತ್ತಿರಲಿಲ್ಲ.

ದುಬೈಗೆ ಅವನನ್ನು ಕರೆದುಕೊಂಡು ಹೋದದ್ದು ತಳಕಿನ ಬಾಲರಾಜ್ ಮೇಷ್ಟ್ರು. ಎತ್ತಿನ ಪದ ಹಾಡುವವರದೊಂದು ಮೇಳ ಕಟ್ಟಿದ್ದರು. ಅಲ್ಲಿನ ಕನ್ನಡದವರು ಸಂಕ್ರಾಂತಿಗೆ ಕರೆ ಕಳಿಸಿದಾಗ ಎರ್ರಿಸ್ವಾಮಿಯ ಗಂಟಲಿಲ್ಲದೆ ಮೇಳವೇ ಇಲ್ಲ ಎಂದು ಹಟ ಹಿಡಿದರು. ಕಿಲಾರಿ ಸಮುದ್ರ ದಾಟಬಹುದೇ ಎಂದು ಕಟ್ಟೆಮನೆಯ ಹಿರಿಯರು, ಅಂದರೆ ಕುಲದ ನ್ಯಾಯ ಹೇಳುವವರು, ಎರಡು ಸಲ ಕೂತು ಮಾತಾಡಿದರು. ಕೊನೆಗೆ ಯಜಮಾನ ದೊಡ್ಡಪಾಲಯ್ಯ ಒಪ್ಪಿಗೆ ಕೊಟ್ಟ. ಒಂಬತ್ತು ದಿನ ಅಂಜಿನೇಯ ಕೋಲು ಹಿಡಿಯಲಿ ಎಂದಾಯಿತು.

“ಹೆಂಗೆ ಹೋಗ್ತೀಯೋ ಹಂಗೇ ಬರಬೇಕು ಎರ್ರಿ” ಎಂದಿದ್ದ ದೊಡ್ಡಪಾಲಯ್ಯ. “ಆ ಕಾಲು ನಿನ್ನವಲ್ಲ.”

ಪಾಸ್‌ಪೋರ್ಟಿನ ಅರ್ಜಿ ತುಂಬಿದವಳು ಅಂಗನವಾಡಿಯಲ್ಲಿ ಕೆಲಸ ಮಾಡುವ ಶಿಲ್ಪ, ಬ್ಯಾಗು ಜೋಡಿಸಿದವಳೂ ಅವಳೇ. ಅವಳಿಗೆ ದಿನದ ವಿಚಾರವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವ ಅಭ್ಯಾಸ. ಮಗಳಿಗೆ ಜ್ವರ ಬಂದದ್ದು, ಗಂಡ ರಾಮಾಂಜನೇಯ ಟೆಂಪೋ ಬಾಡಿಗೆಗೆ ಬಳ್ಳಾರಿಗೆ ಹೋದದ್ದು, ಗ್ಯಾಸ್ ಮುಗಿದದ್ದು, ಎಲ್ಲ ಅದರಲ್ಲಿರುತ್ತಿತ್ತು. ಜನವರಿಯ ಆ ದಿನದ ಹಾಳೆಯಲ್ಲಿ ತಾತನ ಬ್ಯಾಗಿನ ಪಟ್ಟಿ ಇದೆ: ಕಂಬಳಿ, ಪಂಚೆ ಮೂರು, ಅಂಗಿ ಮೂರು, ಚಟ್ನಿಪುಡಿ, ಜ್ವರದ ಮಾತ್ರೆ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ, ಚಪ್ಪಲಿ ಒಂದು ಜೊತೆ, ತಾತನಿಗೆ ಹೇಳಿಲ್ಲ.

ಚಳ್ಳಕೆರೆಯ ಬಜಾರಿನಲ್ಲಿ ತಂದಿದ್ದಳು, ನೀಲಿ ಪಟ್ಟಿಯ ರಬ್ಬರು ಚಪ್ಪಲಿ. ಕಂಡವರಿಲ್ಲದ ಊರಿನಲ್ಲಿ, ಪಾಯಖಾನೆಯ ಒದ್ದೆ ನೆಲದಲ್ಲಿ, ಸುಡುವ ಮರಳಿನಲ್ಲಿ ಬೇಕಾದೀತು ಎಂದು ಪೇಪರಿನಲ್ಲಿ ಸುತ್ತಿ ಕಂಬಳಿಯ ಕೆಳಗಿಟ್ಟಿದ್ದಳು. ಬೇಡವಾದರೆ ಹಾಗೇ ವಾಪಸು ಬರುತ್ತದೆ ಎಂದುಕೊಂಡಿದ್ದಳು. ಹೇಳಿದ್ದರೆ ಅವನು ಒಯ್ಯುತ್ತಿರಲಿಲ್ಲ, ಅದಕ್ಕೇ ಹೇಳಿರಲಿಲ್ಲ.

ಅವನು ಬಂದ. ಹಟ್ಟಿಯವರೆಲ್ಲ ಸುತ್ತ ಕೂತು ಅವನು ಹತ್ತಿ ಬಂದ ಬುರ್ಜ್ ಖಲೀಫಾ ಎಂಬ ಮಹಡಿಯ ಕತೆ ಕೇಳಿದರು. ಬಾಲರಾಜ್ ಮೇಷ್ಟ್ರು ಮೊಬೈಲಿನಲ್ಲಿ ತೋರಿಸಿ ತೋರಿಸಿ ಹೇಳಿದರು: ಲೋಕದಲ್ಲೇ ಅದಕ್ಕಿಂತ ಎತ್ತರದ್ದು ಇಲ್ಲ, ನೂರಾ ಇಪ್ಪತ್ತನಾಲ್ಕನೇ ಅಂತಸ್ತಿಗೆ ಹೋಗಲು ಲಿಫ್ಟಿಗೆ ಒಂದೇ ನಿಮಿಷ. ಎರ್ರಿಸ್ವಾಮಿ ಮಾತ್ರ “ಎತ್ತರ ಐತೆ” ಎಂದಷ್ಟೇ ಹೇಳಿದ. ಹೋಗುವ ಮುಂಚೆ ರಶ್ಮಿತಾ, ಅಷ್ಟು ಮೇಲಿಂದ ನಮ್ಮ ರೊಪ್ಪ ಕಾಣುತ್ತಾ ನೋಡಿ ಬಾ ಎಂದಿದ್ದಳು. ಅದನ್ನು ಕೇಳಿದ್ದಕ್ಕೆ, ಮೋಡ ಇತ್ತು ಎಂದು ಎದ್ದು ಹೋದ.

ಅವನು ಬಂದ ಆರನೇ ದಿನ ದೊಡ್ಡೆತ್ತು ಬಿತ್ತು. ಮಂದೆಗೆ ಅದೇ ಮುಂದಾಳು. ಹೊಟ್ಟೆ ಉಬ್ಬಿ, ಕಣ್ಣು ಮೇಲಾಗಿ, ಹಗಲೆಲ್ಲ ನರಳಿತು. ಪಶು ಡಾಕ್ಟರು ಬರುವಷ್ಟರಲ್ಲಿ ಎರ್ರಿಸ್ವಾಮಿಯ ತೊಡೆಯ ಮೇಲೆ ತಲೆಯಿಟ್ಟು ಪ್ರಾಣ ಬಿಟ್ಟಿತ್ತು. ದೇವರ ಎತ್ತನ್ನು ಕೊಯ್ಯಲು ಹಿರಿಯರು ಬಿಡಲಿಲ್ಲ. ಡಾಕ್ಟರು ಹೊಟ್ಟೆ ಮುಟ್ಟಿ, ಬಾಯಿಂದ ಬಂದ ಚೂರುಗಳನ್ನು ನೋಡಿ, ಪ್ಲಾಸ್ಟಿಕ್ ತಿಂದು ತಿಂದು ಗಟ್ಟಿಯಾಗಿದೆ ಎಂದರು. ಇದು ನಾಲ್ಕು ದಿನದ್ದಲ್ಲ, ವರ್ಷಗಟ್ಟಲೆ ಸೇರಿದ್ದು ಎಂದೂ ಹೇಳಿದರು. ಆ ಎರಡನೆಯ ಮಾತನ್ನು ಕಿವಿಗೆ ಹಾಕಿಕೊಂಡವಳು ಶಿಲ್ಪ ಒಬ್ಬಳೇ ಇರಬೇಕು. ಗುಂಡಿಯಲ್ಲಿ ಮಲಗಿಸಿದಾಗ ಎರ್ರಿಸ್ವಾಮಿ ಮನೆಗೆ ಹೋಗಿ ದುಬೈಗೆ ಒಯ್ದಿದ್ದ ತನ್ನ ಕಂಬಳಿಯನ್ನೇ ತಂದು ಎತ್ತಿನ ಮೇಲೆ ಹೊದಿಸಿದ. ಮಾರನೆ ದಿನ ಕೋಲನ್ನು ಅಂಜಿನೇಯನ ಕೈಗಿಟ್ಟು, ಮೊಣಕಾಲು ಬರ್ತಿಲ್ಲ ಎಂದ.

ಅಂಗಡಿಕಟ್ಟೆಯವರಿಗೆ ಇಷ್ಟು ಸಾಕಾಯಿತು. ಗಾಜಿನ ಮನೆ ಹತ್ತಿ ಬಂದವನಿಗೆ ಗಂಜಲದ ವಾಸನೆ ಹಿಡಿಸುತ್ತಿಲ್ಲ ಎಂದರು. “ಏನ್ ದುಬೈ ತಾತ, ಲಿಫ್ಟ್ ಹಾಕ್ಸಾನ ರೊಪ್ಪಕ್ಕೆ?” ಎಂದು ಗಂಗರಾಜು ಕೇಳಿದ್ದಕ್ಕೆ ಎಲ್ಲರೂ ನಕ್ಕರು. ಎರ್ರಿಸ್ವಾಮಿ ಬೀಡಿ ಕಟ್ಟು ತೆಗೆದುಕೊಂಡು ಬಂದ. ನಗು ಮುಗಿದ ಮೇಲೆ ಮಾತು ಅಂಜಿನೇಯನ ಕಡೆ ತಿರುಗಿತು. ಒಂಬತ್ತು ದಿನ ಅವನ ಕೈಯಲ್ಲಿದ್ದಾಗಲೇ ದನ ರಸ್ತೆಯ ಕಸಕ್ಕೆ ಬಾಯಿ ಹಾಕಿದ್ದು, ಮೊಬೈಲ್ ನೋಡುತ್ತಾ ಕೂತಿದ್ದನಂತೆ, ಕಂಡವರಿದ್ದಾರಂತೆ. ಇಪ್ಪತ್ತನಾಲ್ಕರ ಹುಡುಗ ನಾಯಕನಹಟ್ಟಿಯ ತಿಪ್ಪೇಸ್ವಾಮಿಯ ಮೇಲೆ ಆಣೆ ಮಾಡಿದ. ಯುಗಾದಿಗೆ ಮುಂಚಿನ ಸೋಮವಾರ ಕಟ್ಟೆಮನೆ ಕೂತು ತೀರ್ಮಾನ ಹೇಳುವುದೆಂದಾಯಿತು. ತಪ್ಪು ಅವನದೆಂದರೆ ಕೋಲು ಹೋಗುತ್ತದೆ, ರೊಪ್ಪದ ನೆರಳೂ ಅವನಿಗಿಲ್ಲ. ಎತ್ತು ಕೊಂದವನೆಂಬ ಹೆಸರು ಅವನ ಮಕ್ಕಳ ಕಾಲಕ್ಕೂ ಹೋಗುವುದಿಲ್ಲ.

ಆ ಸೋಮವಾರಕ್ಕೆ ಇನ್ನು ಎರಡೇ ದಿನ ಇತ್ತು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದ ಮಗಳನ್ನು ಕರೆದುಕೊಂಡು ಶಿಲ್ಪ ಒಂದು ಚೊಂಬು ಮಜ್ಜಿಗೆಯೊಂದಿಗೆ ಎರ್ರಿಸ್ವಾಮಿಯ ಮನೆಗೆ ಹೋದಳು. ಜೋಗಮ್ಮ ಕೂಲಿಗೆ ಹೋಗಿದ್ದಳು. ಅವನು ಬೇವಿನ ನೆರಳಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ. ಕಟ್ಟಲು ದನವಿಲ್ಲದವನ ಮನೆಯಲ್ಲಿ ಹೊಸ ಹಗ್ಗದ ಸುರುಳಿಗಳು ಆರೋ ಏಳೋ ಗೂಟಕ್ಕೆ ನೇತಾಡುತ್ತಿದ್ದವು.

ಶಿಲ್ಪ ಕೂರುವ ಮೊದಲೇ ರಶ್ಮಿತಾ ತನ್ನ ಪ್ರಶ್ನೆಯನ್ನು ಅವನಿಗೇ ಕೇಳಿಬಿಟ್ಟಳು. “ತಾತ, ಎತ್ತು ನಿಂಗೆ ಬೈದಾವಾ?”

ಅವನ ಕೈ ನಿಂತಿತು. “ಇಲ್ಲ ಕಣವ್ವ. ಬೈದಿದ್ರೆ ಚೆನ್ನಾಗಿತ್ತು.”

ಹಿತ್ತಲಲ್ಲಿ ಮೇಕೆ ಎರಡು ಮರಿ ಹಾಕಿದೆ, ನೋಡಿ ಬಾ ಎಂದು ಅವಳನ್ನು ಕಳಿಸಿದ. ಮಜ್ಜಿಗೆ ಕುಡಿದು ಚೊಂಬನ್ನು ತಾನೇ ತೊಳೆದಿಟ್ಟ. ಆಮೇಲೆ ಒಳಗೆ ಹೋಗಿ ಗೋಣಿಚೀಲದ ತುಂಡಿನ ಗಂಟೊಂದನ್ನು ತಂದು ಶಿಲ್ಪಳ ಮುಂದೆ ಬಿಚ್ಚಿದ. ಒಳಗೆ ನೀಲಿ ಪಟ್ಟಿಯ ಚಪ್ಪಲಿಗಳಿದ್ದವು.

ಶಿಲ್ಪ ಅವನ್ನು ನೋಡಿದಳು. ಪೇಪರಿನಲ್ಲಿ ಸುತ್ತಿ ಇಟ್ಟಾಗ ಹೊಚ್ಚ ಹೊಸತಾಗಿದ್ದವು. ಈಗ ಎರಡರ ಮೇಲೂ ಬೆರಳುಗಳ ಅಗಲವಾದ ಗುರುತು ಮಸುಕಾಗಿ ಮೂಡಿತ್ತು.

ಹಾಕಿದ್ದೆ, ಎಂದ ಅವನು. ಒಂದೇ ಸಲ, ಎರಡು ತಾಸು.

ಆಮೇಲೆ ನಡೆದದ್ದನ್ನು ಮೊದಲಿಂದ ಹೇಳಿದ. ಬೆಂಗಳೂರಿನ ಏರ್‌ಪೋರ್ಟಿನಲ್ಲಿ ಬರಿಗಾಲಿಗೆ ಯಾರೂ ಏನೂ ಅನ್ನಲಿಲ್ಲ. ತಪಾಸಣೆಯ ಸಾಲಿನಲ್ಲಿ ದೊಡ್ಡ ದೊಡ್ಡ ಸಾಹೇಬರೆಲ್ಲ ಬೂಟು ಕಳಚಿ ನಿಂತಾಗ, ಇಲ್ಲಿ ಎಲ್ಲರೂ ಕಿಲಾರಿಗಳೇ ಎಂದು ಮೇಷ್ಟ್ರನ್ನು ನಗಿಸಿದ್ದ. ಸಭೆಯಲ್ಲಿ ಹಾಡು ಚೆನ್ನಾಗಿಯೇ ಆಯಿತು, ಹೆಂಗಸರು ಬಂದು ಕಾಲು ಮುಟ್ಟಿದರು. ಕೊನೆಯ ದಿನ ಆ ಮಹಡಿಗೆ ಕರೆದೊಯ್ದರು. ಬುಡದಲ್ಲಿ ನಿಂತು ತಲೆ ಎತ್ತಿದರೆ ರುಮಾಲು ಬಿತ್ತು, ಆದರೂ ತುದಿ ಕಾಣಲಿಲ್ಲ. ಅಲ್ಲಿನ ಕನ್ನಡದವರ ಪೈಕಿ ಕೃಷ್ಣಮೂರ್ತಿ ಎಂಬ ದಾವಣಗೆರೆ ಕಡೆಯವರು ಇವನ ಕಾಲು ನೋಡಿ ಹಿಂಜರಿದರು. ಬರಿಗಾಲಲ್ಲಿ ಬಿಡುತ್ತಾರೋ ಇಲ್ಲವೋ ಗೊತ್ತಿಲ್ಲ, ಬಾಗಿಲಲ್ಲಿ ತಡೆದರೆ ಎಲ್ಲರಿಗೂ ಮುಜುಗರ, ಏನಾದರೂ ಮೆಟ್ಟಿಕೊಂಡರೆ ವಾಸಿ ಎಂದರು. ಬೇಡವಾದರೆ ಇಲ್ಲೇ ಕೂತಿರಿ, ಒಂದು ಗಂಟೆಯಲ್ಲಿ ಬರುತ್ತೇವೆ ಎಂದೂ ಹೇಳಿದರು. ಒಳ್ಳೆಯ ಮನುಷ್ಯ, ಅವರದೇನೂ ತಪ್ಪಿಲ್ಲ.

“ಬೆಂಚಿತ್ತು ಕಣವ್ವ” ಎಂದ ಎರ್ರಿಸ್ವಾಮಿ. “ನೆರಳಿತ್ತು. ಪಕ್ಕದಾಗೆ ನೀರಿತ್ತು. ಕೂತ್ಕಬಹುದಾಗಿತ್ತು.”

ಅವನು ಚಪ್ಪಲಿಯ ಕಡೆ ನೋಡಲಿಲ್ಲ. ದನ ತಪ್ಪಿಸಿಕೊಂಡಾಗ ಗುಡ್ಡ ಹತ್ತಿ ನೋಡುವುದು ಅವನ ಜೀವಮಾನದ ಕೆಲಸ. ಜಟಿಂಗ ರಾಮೇಶ್ವರದ ಬೆಟ್ಟದ ನೆತ್ತಿಯಲ್ಲಿ ನಿಂತರೆ ಆಂಧ್ರದ ಕೆರೆಗಳು ಹೊಳೆಯುವುದನ್ನು ಕಂಡವನು. ಅದಕ್ಕಿಂತ ಎತ್ತರ ಇನ್ನು ಈ ಜನ್ಮದಲ್ಲಿ ಸಿಗುವುದಿಲ್ಲ ಅನ್ನಿಸಿತು. ಅಷ್ಟು ಮೇಲಿಂದ ಲೋಕ ಹೆಂಗೆ ಕಾಣುತ್ತದೋ ನೋಡಲೇಬೇಕು ಅನ್ನಿಸಿತು. ಬ್ಯಾಗು ವ್ಯಾನಿನಲ್ಲೇ ಇತ್ತು. ಮೇಷ್ಟ್ರು, ಮೇಳದವರು ಮುಂದೆ ಹೋದ ಮೇಲೆ ಅವರ ಕಣ್ಣಿಗೆ ಬೀಳದ ಹಾಗೆ ಚಪ್ಪಲಿ ಮೆಟ್ಟಿ, ಪಂಚೆಯನ್ನು ಕಾಲು ಮುಚ್ಚುವಂತೆ ಇಳಿಬಿಟ್ಟ.

ಬಾಗಿಲಿನಲ್ಲಿ ಯಾರೂ ಅವನ ಕಾಲು ನೋಡಲಿಲ್ಲ. ಲಿಫ್ಟಿನಲ್ಲಿ ಕಿವಿ ಮುಚ್ಚಿಕೊಂಡವು. ಮೇಲೆ ಹೋಗಿ ಗಾಜಿನ ಹತ್ತಿರ ನಿಂತ. ಬಿಸಿಲ ಮಬ್ಬಿನಲ್ಲಿ ಮರಳು, ಸಮುದ್ರ, ದಾರದ ಹಾಗೆ ರಸ್ತೆ, ಕೆಳಗೆ ಬೇರೆ ಮಹಡಿಗಳ ತಲೆಗಳು. ಎಷ್ಟು ಹುಡುಕಿದರೂ ಮೇಯುತ್ತಿರುವ ಒಂದು ಪ್ರಾಣಿ ಕಣ್ಣಿಗೆ ಬೀಳಲಿಲ್ಲ.

“ಕಾಲಿಗೆ ನೆಲ ಗೊತ್ತಾಗ್ಲಿಲ್ಲ” ಎಂದ. “ತಣ್ಣಗೈತೋ ಬೆಚ್ಚಗೈತೋ, ಒಂದೂ ಇಲ್ಲ. ಯಾರದೋ ಕಾಲ ಮ್ಯಾಲೆ ನಿಂತಂಗಾತು. ಪಕ್ಕದಾಗೆ ಒಂದು ಕೂಸು, ಅವರವ್ವ ಬೂಟು ಬಿಚ್ಚಿ ಬಿಟ್ಟಿದ್ಲು. ಬರಿಗಾಲಾಗೆ ಆ ನೆಲ ತುಳ್ಕಂಡು ಕುಣೀತಿತ್ತು. ಯಾರೂ ಏನೂ ಅನ್ಲಿಲ್ಲ ಅದಕ್ಕೆ.”

ಆಗ ಬಿಚ್ಚಿ ಕೈಯಲ್ಲಿ ಹಿಡಿದುಕೊಳ್ಳಬೇಕೆನ್ನಿಸಿತಂತೆ. ಆದರೆ ಮೆಟ್ಟಿದ್ದು ಮೆಟ್ಟಿಯಾಗಿತ್ತು. ಮೇಷ್ಟ್ರು ಫೋಟೋ ತೆಗೆಯಲು ಬಂದಾಗ, ಕಾಲು ಬರಬಾರದು ಎಂದು ಹೇಳಿ ನಿಂತ. ಅವರಿಗೆ ಅದೇಕೆಂದು ತಿಳಿಯಲಿಲ್ಲ, ಬರಿಗಾಲಿಗೆ ನಾಚಿಕೆಪಟ್ಟನೆಂದುಕೊಂಡಿರಬೇಕು.

ಹಿತ್ತಲಲ್ಲಿ ರಶ್ಮಿತಾ ಮರಿಗಳಿಗೆ ಏನೋ ಹೇಳಿಕೊಡುತ್ತಿದ್ದಳು. ಚಪ್ಪಲಿ ಇಟ್ಟವಳು ನಾನು ತಾತ ಎಂದಳು ಶಿಲ್ಪ.

“ಗೊತ್ತು. ಇನ್ಯಾರಿಡ್ತಾರೆ? ಜೋಗಿಗೆ ಅಷ್ಟು ತಲೆ ಇಲ್ಲ.” ಅವನು ಒಂದು ಕ್ಷಣ ನಕ್ಕ ಹಾಗೆ ಕಂಡಿತು. “ಮೊದಲನೇ ದಿನಾನೇ ಕಂಡೆ. ಬಿಸಾಕಬಹುದಾಗಿತ್ತು. ಇರ್ಲಿ ಅಂತ ಬಿಟ್ಟೆ. ಇರ್ಲಿ ಅಂದೆನಲ್ಲ, ಅಲ್ಲೇ ಹೋತು.”

ಶಿಲ್ಪ ಡಾಕ್ಟರ ಮಾತನ್ನು ತೆಗೆದಳು. ಚಪ್ಪಲಿ ಮೆಟ್ಟಿದ್ದಕ್ಕೂ ಎತ್ತು ಸತ್ತದ್ದಕ್ಕೂ ಸಂಬಂಧವಿಲ್ಲ, ಹೊಟ್ಟೆಯಲ್ಲಿದ್ದ ಪ್ಲಾಸ್ಟಿಕ್ ವರ್ಷಗಳದು, ಇದರಲ್ಲಿ ಅಂಜಿನೇಯನ ತಪ್ಪೂ ಇಲ್ಲ ನಿನ್ನ ಚಪ್ಪಲಿಯದೂ ಇಲ್ಲ ಎಂದು, ಅಂಗನವಾಡಿಯಲ್ಲಿ ತಾಯಂದಿರಿಗೆ ಬಿಡಿಸಿ ಹೇಳುವ ಹಾಗೆ ಹೇಳಿದಳು. ಬೇಕಾದರೆ ಡಾಕ್ಟರ ಹತ್ತಿರ ಬರೆಸಿಕೊಂಡು ಬರುತ್ತೇನೆ, ಚಳ್ಳಕೆರೆ ಎಷ್ಟು ದೂರ ಎಂದಳು. ಅವನು ಪೂರ್ತಿ ಕೇಳಿದ. ಅವಳ ಓದಿನ ಮೇಲೆ ಅವನಿಗೆ ಗೌರವವಿತ್ತು.

“ವರ್ಷಗಟ್ಟಲೆ ತಿಂದಿದ್ರೆ ಆ ವರ್ಷ ಮೇಯಿಸಿದ್ದು ಯಾರು? ನಾನೇ ಅಲ್ವಾ? ಯಾವ ಕಡೆಯಿಂದ ಬಂದ್ರೂ ನನ್ನ ಬಾಗಿಲಿಗೇ ಬರ್ತೈತೆ.” ಹಗ್ಗದ ಎಳೆಯನ್ನು ಮತ್ತೆ ಕೈಗೆ ತೆಗೆದುಕೊಂಡು, ಹೊಸೆಯದೆ ಹಾಗೇ ಹಿಡಿದುಕೊಂಡ. “ನಿನ್ ಲೆಕ್ಕ ನಿಂದು ಕಣವ್ವ. ನಂಗೆ ಆ ತಡಿಕೆ ದಾಟಕ್ಕೆ ಆಗ್ತಿಲ್ಲ. ಅವು ಬಂದು ಕಾಲು ಮೂಸ್ತಾವೆ. ಮೂಸಿದ್ರೆ ಗೊತ್ತಾಗ್ತೈತೆ ಅನ್ನಿಸ್ತೈತೆ.”

ಸೋಮವಾರ ಅಂಜಿನೇಯನ ಮೇಲೆ ತಪ್ಪು ಹೊರಿಸುವ ಮೊದಲೇ ತಾನು ಎದ್ದು, ಈ ಚಪ್ಪಲಿ ಹಿರಿಯರ ಮುಂದಿಟ್ಟು ಎಲ್ಲ ಹೇಳುತ್ತೇನೆ ಎಂದ. ಹೇಳಿದರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ವ್ರತ ಮುರಿದ ಕಿಲಾರಿಗೆ ಬೇಲಿಯ ಹೊರಗೂ ಜಾಗವಿಲ್ಲ. ಬೆಳಗಿನ ಆ ಕರೆಯೂ ನಿಲ್ಲುತ್ತದೆ. ಹಾಗಂತ ಸುಮ್ಮನಿದ್ದರೆ ಹುಡುಗ ಹಾಳಾಗುತ್ತಾನೆ. ಜೋಗಮ್ಮನಿಗೆ ಹೇಳಿದ್ದೀಯಾ ಎಂದು ಕೇಳಿದಳು. ಸೋಮವಾರ ಎಲ್ಲರ ಜೊತೆ ಅವಳೂ ಕೇಳುತ್ತಾಳೆ ಎಂದ.

ಶಿಲ್ಪ ಎದ್ದು ನಿಂತಳು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಹಾಗಾದರೆ ನಾನೂ ಬರುತ್ತೇನೆ, ತಂದವಳು ನಾನು, ನಿನಗೆ ಹೇಳದೆ ಬ್ಯಾಗಿಗೆ ಹಾಕಿದವಳು ನಾನು ಎಂದು ಹೇಳುತ್ತೇನೆ ಎಂದಳು. ನನ್ನ ನೋಟ್‌ಬುಕ್ಕಿನಲ್ಲಿ ತಾರೀಖಿನ ಸಮೇತ ಇದೆ, ಓದಿ ತೋರಿಸುತ್ತೇನೆ. ಒಬ್ಬನೇ ಹೊರುವುದು ಯಾವ ನ್ಯಾಯ ಎಂದಳು.

ಅವನು ತಲೆ ಅಲ್ಲಾಡಿಸಿದ. ಚಪ್ಪಲಿಯೊಂದನ್ನು ಮೊದಲ ಸಲ ಕೈಗೆತ್ತಿಕೊಂಡು ಅಂಗಾತ ತಿರುಗಿಸಿದ. ಅಡಿಯ ತಗ್ಗಿನಲ್ಲಿ, ನೆಲಕ್ಕೆ ತಾಗದ ಕಡೆ, ಸಣ್ಣದೊಂದು ಚೀಟಿ ಅಂಟಿಕೊಂಡಿತ್ತು. ಚಳ್ಳಕೆರೆಯ ಅಂಗಡಿಯ ಹೆಸರು, ಕನ್ನಡದ ಅಕ್ಷರ. ಅಂಚಿನಲ್ಲಿ ಉಗುರಿನಿಂದ ಕೆರೆದ ಗೀರುಗಳಿದ್ದವು.

“ಎಲ್ಲಿಂದ ಬಂತು ಅಂತ ಕೇಳೇ ಕೇಳ್ತಾರೆ” ಎಂದ. “ದುಬೈ ಬಜಾರಿನಾಗೆ ನಾನೇ ತಗಂಡೆ ಅಂತೀನಿ. ಅದೊಂದು ಸುಳ್ಳು ಉಳೀಲಿ. ನಿನ್ ಹೆಸರು ಬಂದ್ರೆ ನಿನ್ ಮನೇಗೂ ಬೇಲಿ ಮುಚ್ತಾರೆ. ಬೆಳಿಗ್ಗೆ ನಿನ್ ಕೂಸಾದ್ರೂ ಅಲ್ಲಿ ಹೋಗಿ ನಿಂತ್ಕಳ್ಲಿ, ರಾ ನಾಯನಾ ಅಂತ ಕರೀಲಿ.”

ಚಪ್ಪಲಿಯನ್ನು ಅವಳ ಕಡೆ ಚಾಚಿದ.

“ನನ್ ಉಗುರಿಗೆ ಬರ್ತಿಲ್ಲ. ಒಂದು ಉಪಕಾರ ಮಾಡು. ಈ ಚೀಟಿ ಕಿತ್ತು ಕೊಡವ್ವ.”